ಕಡಲ ದಡವನ್ನು ಅಳೆಯುವವನ ಹೊಣೆ

ಕಡಲನ್ನು ಕಾಣದ ಕಣಿವೆಯಲ್ಲಿ ಕುಳಿತು ಕಡಲಿನ ಮಾತನ್ನೇಕೆ ಎತ್ತಬೇಕೆಂದು ವಾಚಕರು ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ಕಂಬಂ ಕಣಿವೆಯವರಾದ ನಮಗೆ ಪಡುವಣಕ್ಕೆ ಸಹ್ಯಾದ್ರಿಯ ಗೋಡೆ. ಮೂಡಣಕ್ಕೆ ಮೇಘಮಲೆಯ ಸಾಲು. ನಡುವೆ ಭತ್ತದ ಗದ್ದೆ, ದ್ರಾಕ್ಷಿಯ ಚಪ್ಪರ, ತೆಂಗಿನ ತೋಟ. ನಾವು ಕಂಡ ದೊಡ್ಡ ನೀರೆಂದರೆ ವೈಗೈ ಅಣೆಕಟ್ಟಿನ ನೀರು. ನಮ್ಮ ಹಿರಿಯರು ಎಂದೋ ಕನ್ನಡ ನಾಡಿನಿಂದ ಇಳಿದು ಬಂದವರೆಂದು ಮನೆಮನೆಯಲ್ಲಿ ಹೇಳುವ ಕಥೆಯಲ್ಲಿಯೂ ಹೊಳೆ ದಾಟಿದ ಪ್ರಸಂಗವುಂಟೇ ಹೊರತು ಕಡಲಿನ ಸುದ್ದಿಯಿಲ್ಲ. ಹೀಗಿದ್ದರೂ ಕಳೆದ ಒಂದು ವರ್ಷದಿಂದ ಕಡಲಿಗೆ ಸಂಬಂಧಿಸಿದ ಪ್ರಶ್ನೆಯೊಂದು ನಮ್ಮನ್ನು ಬಿಡದೆ ಕಾಡುತ್ತಿದೆ. ಅದು ಬಂದುದು ಐದನೆಯ ತರಗತಿಯ ಒಬ್ಬ ಹುಡುಗಿಯಿಂದ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನೌಕಾದಳದಲ್ಲಿ ನಾವಿಕನಾಗಿದ್ದಾನೆ, ಕಾರವಾರದಲ್ಲಿ ಕೆಲಸ. ಪೊಂಗಲ್ ಹಬ್ಬದ ರಜೆಗೆಂದು ಬಂದವನು ಶಾಲೆಗೂ ಬಂದನು. ಮಕ್ಕಳಿಗೆ ನಾಲ್ಕು ಮಾತು ಹೇಳೆಂದೆವು. ಹೇಳಬಾರದ ಸಂಗತಿಗಳನ್ನು ಅವನು ಹೇಳಲಿಲ್ಲ. ಆ ಶಿಸ್ತು ಅವನಿಗೆ ಚೆನ್ನಾಗಿ ಹಿಡಿದಿದೆ. ಬೆಟ್ಟವು ನೇರವಾಗಿ ಕಡಲಿಗೆ ಇಳಿದು ಬಂದಿದೆಯೆಂದೂ, ನಮ್ಮ ಮೇಘಮಲೆ ನೀರಿನಲ್ಲಿ ಕಾಲಿಟ್ಟು ನಿಂತಂತೆ ಕಾಣುತ್ತದೆಯೆಂದೂ, ಹಡಗು ನಿಲ್ಲಲು ಅಂಥ ಜಾಗ ದೇಶದಲ್ಲಿ ಬಹಳವಿಲ್ಲವೆಂದೂ ಹೇಳಿದನು. ಮಕ್ಕಳು ಹಡಗು ಎಷ್ಟು ಉದ್ದ, ಅನ್ನ ಬೇಯಿಸುವುದೆಲ್ಲಿ ಎಂದೆಲ್ಲ ಕೇಳಿದರು. ಕೊನೆಗೆ ಈ ಹುಡುಗಿ ಎದ್ದು, “ಅಣ್ಣಾ, ಅಷ್ಟು ಒಳ್ಳೆಯ ಜಾಗವಾದರೆ ಮೊದಲೇ ಅಲ್ಲಿ ಯಾರಾದರೂ ಇದ್ದಿರಬೇಕಲ್ಲ, ಅವರೆಲ್ಲ ಎಲ್ಲಿಗೆ ಹೋದರು?” ಎಂದಳು. ಅವಳ ತಂದೆತಾಯಿಗಳು ದಿನವೂ ನಸುಕಿನಲ್ಲಿ ಜೀಪು ಹತ್ತಿ ಘಟ್ಟದ ಮೇಲಿನ ಏಲಕ್ಕಿ ತೋಟಕ್ಕೆ ಹೋಗುವವರು. ಯಾರು ಎಲ್ಲಿಗೆ ಹೋದರೆಂಬುದು ಆ ಮನೆಯಲ್ಲಿ ನಿತ್ಯದ ಪ್ರಶ್ನೆ. ನಾವಿಕನು ನಮ್ಮ ಮುಖ ನೋಡಿದನು. ನಾವು ಅವನ ಮುಖ ನೋಡಿದೆವು.

ಅಂದಿನಿಂದ ಪುಸ್ತಕಗಳನ್ನು ತಿರುವಿ ಹಾಕಿ ತಿಳಿದುದನ್ನೂ, ತಿಳಿದ ಮೇಲೆ ಉಳಿದ ಸಂದೇಹವನ್ನೂ ಈ ಪತ್ರಿಕೆಯ ವಾಚಕರ ಮುಂದಿಡುತ್ತಿದ್ದೇವೆ. ಪ್ರಶ್ನೆಯನ್ನು ಹೀಗೆ ಇಡಬಹುದು: ಒಂದು ದಡವನ್ನು ಸೈನ್ಯದ ಕಣ್ಣಿನಿಂದ ನೋಡಿ, ಇಲ್ಲಿ ಹಡಗು ನಿಲ್ಲಬಹುದು, ಇಲ್ಲಿ ದಂಡು ಇಳಿಯಬಹುದು ಎಂದು ಬರೆದುಕೊಡುವವನು, ಆ ಬರಹದಿಂದ ಮುಂದೆ ಆಗುವುದಕ್ಕೆ ಎಷ್ಟರಮಟ್ಟಿಗೆ ಹೊಣೆಗಾರನು?

ಮೊದಲು, ಅವನು ನೋಡುವುದೇನನ್ನು? ಆಳವನ್ನು ನೋಡುತ್ತಾನೆ. ಆಂಗ್ಲ ನಾವಿಕರ ಫ್ಯಾದಮ್ ಎಂಬ ಅಳತೆ ಆರು ಅಡಿಯದು. ಅದು ಬೇರೇನೂ ಅಲ್ಲ, ಬಾವಿಯ ಹಗ್ಗವನ್ನು ಅಳೆಯಲು ನಮ್ಮ ಅಜ್ಜಂದಿರು ಬಳಸುತ್ತಿದ್ದ ಮಾರು. ಎರಡು ತೋಳುಗಳನ್ನು ಚಾಚಿದರೆ ಎಷ್ಟೋ ಅಷ್ಟು. ಹಿಂದಿನ ಕಾಲದಲ್ಲಿ ಸೀಸದ ಗುಂಡನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತಿದ್ದರು. ಗುಂಡಿನ ತಳದಲ್ಲಿ ಒಂದು ಗುಳಿ. ಅದರಲ್ಲಿ ಪ್ರಾಣಿಯ ಕೊಬ್ಬನ್ನು ಮೆತ್ತಿರುತ್ತಿದ್ದರು. ಮೇಲೆತ್ತಿದಾಗ ಕಡಲ ತಳದ ಮಣ್ಣು ಅದಕ್ಕೆ ಅಂಟಿ ಬರುತ್ತಿತ್ತು. ಜೇಡಿ ಅಥವಾ ಗಟ್ಟಿ ಕೆಸರಾದರೆ ಲಂಗರು ಕಚ್ಚಿಕೊಳ್ಳುತ್ತದೆ. ಬಂಡೆಯಾದರೆ ಜಾರುತ್ತದೆ, ಇಲ್ಲವೆ ಸಂದಿಯಲ್ಲಿ ಸಿಕ್ಕಿ ಬಿಡದಾಗುತ್ತದೆ. ಆಮೇಲೆ ಗಾಳಿಯ ಮರೆ, ಸಿಹಿನೀರು, ಉಬ್ಬರವಿಳಿತದ ಲೆಕ್ಕ, ಹಡಗು ತಿರುಗಲು ಬೇಕಾದ ಹರವು, ಒಳಬರುವ ದಾರಿಯಲ್ಲಿರುವ ಬಂಡೆಗಳು.

ಕನ್ನಡ ಕರಾವಳಿಯಲ್ಲಿ ಈ ಎಲ್ಲವೂ ಒಂದೆಡೆ ಕೂಡುವುದು ಅಪರೂಪ. ಅಘನಾಶಿನಿ, ಶರಾವತಿ, ನೇತ್ರಾವತಿ ಮೊದಲಾದ ಹೊಳೆಗಳ ಅಳಿವೆಗಳಲ್ಲಿ ಮರಳು ದಿಬ್ಬಗಟ್ಟುತ್ತದೆ. ಸಣ್ಣ ದೋಣಿಗೆ ಅದು ಬಾಗಿಲು, ದೊಡ್ಡ ಹಡಗಿಗೆ ಅದೇ ಅಗಳಿ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯದ ಮಳೆಗಾಳಿ ನೇರವಾಗಿ ಬಂದು ಬಡಿಯುತ್ತದೆ. ಕಾರವಾರದಲ್ಲಾದರೋ ನೆಲದ ಮೂಗು ಕಡಲಿಗೆ ಚಾಚಿದೆ, ದ್ವೀಪಗಳು ಅಡ್ಡ ನಿಂತಿವೆ, ಬೆನ್ನಿಗೆ ಬೆಟ್ಟವಿದೆ. ಈ ಗುಣವನ್ನು ಕಂಡವರು ಒಬ್ಬಿಬ್ಬರಲ್ಲ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿಗೆ ಸೇರಿಸಿದಾಗ ಅದರ ಹಿಂದೆ ಇದ್ದುದು ಈ ಬಂದರಿನ ಆಸೆಯೇ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಏರಿದ್ದ ಕಾಲ ಅದು. ಇಪ್ಪತ್ತು ವರ್ಷ ಕಳೆದ ಮೇಲೆ ತರುಣ ರವೀಂದ್ರನಾಥ ಠಾಕೂರರು, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಅದೇ ದಡದಲ್ಲಿ ಅಡ್ಡಾಡಿ ಒಂದು ನಾಟಕವನ್ನು ಬರೆದರು. ಒಂದೇ ಮರಳು. ನೋಡುವವನ ಮನಸ್ಸಿನಲ್ಲಿ ಏನಿದೆಯೋ ಅದನ್ನೇ ಅದು ತೋರಿಸುತ್ತದೆ.

ಕಾರವಾರದ ಬಳಿಯ ಅಂಜದೀವ ಎಂಬ ಸಣ್ಣ ದ್ವೀಪದ ಚರಿತ್ರೆಯನ್ನು ಓದಿದಾಗ ನಮಗೆ ಈ ಸಂಗತಿ ಇನ್ನೂ ಸ್ಪಷ್ಟವಾಯಿತು. 1498ರಲ್ಲಿ ವಾಸ್ಕೋ ದ ಗಾಮನು ಕಲ್ಲಿಕೋಟೆಯಿಂದ ಹಿಂದಿರುಗುವಾಗ ಅಲ್ಲಿ ತಂಗಿ ಹಡಗುಗಳ ತಳವನ್ನು ಕೆರೆಸಿ ನೀರು ತುಂಬಿಸಿಕೊಂಡನು. ಆಗ ಯುರೋಪಿನ ಭಾಷೆ ಬಲ್ಲವನೊಬ್ಬನು ಸ್ನೇಹದ ಮಾತಾಡುತ್ತ ಬಂದನು. ಅನುಮಾನಗೊಂಡು ಹಿಡಿದು ಹೊಡೆಸಲಾಗಿ, ತಾನು ಗೋವೆಯ ಅಧಿಪತಿಯ ಕಡೆಯಿಂದ ಹಡಗುಗಳನ್ನು ನೋಡಿಹೋಗಲು ಬಂದವನೆಂದು ಒಪ್ಪಿಕೊಂಡನಂತೆ. ಅವನನ್ನು ಪೋರ್ಚುಗಲಿಗೆ ಒಯ್ದು ಗಾಸ್ಪರ್ ದ ಗಾಮ ಎಂದು ಹೆಸರಿಟ್ಟು ದುಭಾಷಿಯನ್ನಾಗಿ ಮಾಡಿಕೊಂಡರು. ವಿಚಾರ ಮಾಡಿ ನೋಡಿದರೆ ಸೋಜಿಗವೆನಿಸುತ್ತದೆ. ಬಂದವನೂ ನೋಡಲೆಂದೇ ಬಂದನು, ಹೊಡೆಸಿದವನೂ ದೂರದಿಂದ ನೋಡಲೆಂದೇ ಬಂದವನು. ನಮ್ಮ ಪಠ್ಯಪುಸ್ತಕಗಳಲ್ಲಿ ಒಬ್ಬನಿಗೆ ಶೋಧಕನೆಂದು ಹೆಸರು; ಇನ್ನೊಬ್ಬನಿಗೆ ಗೂಢಚಾರನೆಂದು.

ಏಳು ವರ್ಷಗಳ ಮೇಲೆ, 1505ರಲ್ಲಿ, ಅಲ್ಮೇಡನು ಅಲ್ಲಿಯೇ ಕೋಟೆ ಕಟ್ಟಲು ತೊಡಗಿದನು. ಬಲುಬೇಗ ಅದನ್ನು ಕೈಬಿಡಬೇಕಾಯಿತು. ಮುಂಬಯಿಯನ್ನು ಇಂಗ್ಲೆಂಡಿನ ದೊರೆಗೆ ಬಳುವಳಿಯಾಗಿ ಕೊಟ್ಟಾಗ ಅದನ್ನು ವಹಿಸಿಕೊಳ್ಳಲು ಬಂದ ಸರ್ ಏಬ್ರಹಾಂ ಶಿಪ್‌ಮನ್ನನ ದಂಡಿಗೆ ಪೋರ್ಚುಗೀಸರು ಒಡನೆಯೇ ಜಾಗ ಬಿಟ್ಟುಕೊಡಲಿಲ್ಲ. ಸುಮಾರು 400 ಮಂದಿ ಅಂಜದೀವದಲ್ಲಿ ಇಳಿದು ಕಾದರು. ಹಡಗಿಗೆ ಒಳ್ಳೆಯ ಜಾಗ, ನಿಜ. ಮನುಷ್ಯನಿಗೆ ಅಲ್ಲವೆಂದು ಕಂಡಿತು. 1664ರಲ್ಲಿ ಶಿಪ್‌ಮನ್ನನೂ ಸತ್ತನು. 1665ರಲ್ಲಿ ಮುಂಬಯಿಗೆ ಹೋಗಿ ಸೇರಿದವರು ನೂರರ ಆಸುಪಾಸು ಮಾತ್ರ. ಆಳ ಎಷ್ಟು, ಮರೆ ಎಷ್ಟು ಎಂದು ನೋಡಿದವರು ಜ್ವರವನ್ನು ನೋಡಿರಲಿಲ್ಲ.

1961ರ ನವೆಂಬರಿನಲ್ಲಿ ಅಂಜದೀವದ ಪೋರ್ಚುಗೀಸ್ ಕಾವಲಿನವರು ಸಾಬರಮತಿ ಎಂಬ ಹಡಗಿನ ಮೇಲೂ, ಕೆಲವು ದಿನಗಳ ಅಂತರದಲ್ಲಿ ಮೀನುಗಾರರ ದೋಣಿಯ ಮೇಲೂ ಗುಂಡು ಹಾರಿಸಿದರು. ಒಬ್ಬ ಮೀನುಗಾರನು ಮಡಿದನು. ಗೋವೆಯ ವಿಮೋಚನೆಗೆ ಒದಗಿದ ತಕ್ಷಣದ ನೆಪಗಳಲ್ಲಿ ಇದೂ ಒಂದು. ಡಿಸೆಂಬರ್ 18ರಂದು ನಮ್ಮ ನೌಕಾದಳದವರು ತ್ರಿಶೂಲ್, ಮೈಸೂರ್ ಎಂಬ ಹಡಗುಗಳ ಬೆಂಬಲದಿಂದ ದ್ವೀಪದಲ್ಲಿ ಇಳಿದರು. ಏಳು ಮಂದಿ ನಾವಿಕರು ಅಲ್ಲಿ ಪ್ರಾಣ ಕೊಟ್ಟರು. ಬೆಸ್ತನ ಸಾವನ್ನೂ ಈ ಏಳು ಸಾವುಗಳನ್ನೂ ಒಂದೇ ಪುಟದಲ್ಲಿ ಓದಿದ ನಾವು ದೇಶಕ್ಕೆ ನೌಕಾಬಲವೇ ಬೇಡವೆನ್ನುವ ಪಂಗಡಕ್ಕೆ ಸೇರಲಾರೆವು. ಕಾವಲಿಲ್ಲದ ದಡದಲ್ಲಿ ಮೊದಲು ಸಾಯುವವನು ಬಲೆ ಬೀಸುವವನೇ.

ಇದೆಲ್ಲ ನಮಗೆ ದೂರದ ಸುದ್ದಿಯೆನ್ನುವಂತೆಯೂ ಇಲ್ಲ. ದಿಂಡಿಗಲ್ಲಿನ ಬಂಡೆಗೋಟೆಯನ್ನು ಹತ್ತಿದ ವಾಚಕರಿಗೆ ಗೊತ್ತಿರುವಂತೆ ಹೈದರಾಲಿಯು 1755ರ ಸುಮಾರಿಗೆ ಅಲ್ಲಿ ಮೈಸೂರಿನ ಫೌಜದಾರನಾಗಿದ್ದನು. 1782ರ ಡಿಸೆಂಬರಿನಲ್ಲಿ ಅವನು ತೀರಿಕೊಂಡಾಗ ಟಿಪ್ಪುವಿನ ಸೈನ್ಯವನ್ನು ಕರ್ನಾಟಿಕ್ ಬಯಲಿನಿಂದ ಸೆಳೆಯಲು ಮುಂಬಯಿ ಸರ್ಕಾರವು ಜನರಲ್ ಮ್ಯಾಥ್ಯೂಸ್ ಎಂಬವನನ್ನು ಕನ್ನಡ ಕರಾವಳಿಗೆ ಕಳುಹಿಸಿತು. 1783ರ ಜನವರಿಯಲ್ಲಿ ಕುಮಟೆಯ ಕಡೆಯ ರಾಜಮಂದುರ್ಗದಲ್ಲಿ ಅವನ ದಂಡು ಇಳಿಯಿತು. ತಿಂಗಳೊಳಗೆ ಘಟ್ಟ ಹತ್ತಿ ಬಿದನೂರನ್ನು ಹಿಡಿಯಿತು. ಟಿಪ್ಪುವು ಪಡುವಣಕ್ಕೆ ತಿರುಗಿದನು. ಅದೇ ವರ್ಷ ದಿಂಡಿಗಲ್ಲು ಕಂಪನಿಯ ಕೈಸೇರಿತು. ಬಿದನೂರಿನಲ್ಲಿ ಮ್ಯಾಥ್ಯೂಸನು ಸೋತು ಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ ಸತ್ತನು. ಮಂಗಳೂರಿನ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಬಿದ್ದು ಒಳಗಿದ್ದವರು ಹಸಿವಿನಿಂದ ಬಳಲಿ ಕೋಟೆ ಬಿಟ್ಟರು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಿಂದ ದಿಂಡಿಗಲ್ಲು ಮತ್ತೆ ಮೈಸೂರಿಗೆ ಬಂದಿತು. 1790ರಲ್ಲಿ ಮತ್ತೆ ಹೋಯಿತು, 1792ರಲ್ಲಿ ಕಾಗದದ ಮೇಲೂ ಹೋಯಿತು. ಕಡಲನ್ನೇ ಕಾಣದ ನಮ್ಮ ನಾಡಿನ ಬಂಡೆಯ ಮೇಲಿನ ಬಾವುಟಕ್ಕೂ, ಅಘನಾಶಿನಿಯ ಅಳಿವೆಯಲ್ಲಿ ಯಾರೋ ಇಳಿಸಿದ ಸೀಸದ ಗುಂಡಿಗೂ ಹೀಗೆ ನಂಟುಂಟು.

ಲಂಗರಿನ ಜಾಗ ಒಂದಾದರೆ ದಂಡು ಇಳಿಯುವ ಜಾಗದ ವಿಚಾರವೇ ಬೇರೆ. ಅಲ್ಲಿ ಆಳಕ್ಕಿಂತ ಇಳಿಜಾರು ಮುಖ್ಯ. ದಡ ತೀರ ಚಪ್ಪಟೆಯಾಗಿದ್ದರೆ ದೋಣಿ ದೂರದಲ್ಲಿಯೇ ನೆಲ ಹಿಡಿಯುತ್ತದೆ; ಸಿಪಾಯಿಯು ಗುಂಡಿನ ಮಳೆಯಲ್ಲಿ ನೀರಿನಲ್ಲಿ ನಡೆಯಬೇಕಾಗುತ್ತದೆ. ಮರಳು ಗಟ್ಟಿಯೋ ಮೆದುವೋ, ಹಿಂದೆ ದಾರಿಯುಂಟೋ ಕೊಳಚೆಯುಂಟೋ ಎಂದೂ ನೋಡಬೇಕು. ಎರಡನೆಯ ಮಹಾಯುದ್ಧದ ಒಂದು ಸಂಗತಿ ನಮ್ಮ ಮನಸ್ಸನ್ನು ಬಹಳ ಕಲಕಿತು. 1942ರಲ್ಲಿ ಬ್ರಿಟಿಷ್ ರೇಡಿಯೋ, ಯುದ್ಧಕ್ಕೆ ಮುಂಚೆ ಯುರೋಪಿನ ಕರಾವಳಿಗೆ ವಿಹಾರ ಹೋದವರು ತಾವು ತೆಗೆದ ಚಿತ್ರಗಳನ್ನೂ ಪೋಸ್ಟ್ ಕಾರ್ಡುಗಳನ್ನೂ ಕಳುಹಿಸಿಕೊಡಬೇಕೆಂದು ಕೇಳಿಕೊಂಡಿತು. ಲಕ್ಷಾಂತರ ಚಿತ್ರಗಳು ಬಂದವು. ತಾಯಿ ಮಗುವಿನ ಕಾಲನ್ನು ಅಲೆಯಲ್ಲಿ ಅದ್ದುತ್ತಿರುವ ಚಿತ್ರವನ್ನು ಒಬ್ಬ ಅಧಿಕಾರಿ ಕೈಗೆತ್ತಿಕೊಂಡು, ಮಗುವನ್ನೂ ತಾಯಿಯನ್ನೂ ದಾಟಿ, ಅವರ ಬೆನ್ನ ಹಿಂದಿನ ಗೋಡೆಯ ಎತ್ತರವನ್ನು ಲೆಕ್ಕ ಹಾಕುವುದನ್ನು ವಾಚಕರು ಊಹಿಸಿಕೊಳ್ಳಬೇಕು. ಅದನ್ನು ಕ್ರೌರ್ಯವೆನ್ನೋಣವೇ? ಹಿಟ್ಲರನ ಸೆರೆಯಿಂದ ಒಂದು ಖಂಡವನ್ನೇ ಬಿಡಿಸುವ ಕೆಲಸವದು. 1943ರ ಡಿಸೆಂಬರ್ 31ರ ರಾತ್ರಿ ಇಬ್ಬರು ಬ್ರಿಟಿಷ್ ಸೈನಿಕರು ಚಳಿಯ ಕಡಲಿನಲ್ಲಿ ಈಜಿ ನಾರ್ಮಂಡಿಯ ದಡ ಸೇರಿ, ಪಹರೆಯವರ ಕಣ್ಣು ತಪ್ಪಿಸಿ, ಮರಳನ್ನು ಕೊರೆದು ಕೊಳವೆಗಳಲ್ಲಿ ತುಂಬಿಕೊಂಡು ಮರಳಿದರು. ಆ ಮರಳು ಟ್ಯಾಂಕಿನ ಭಾರ ತಡೆಯುವುದೋ ಇಲ್ಲವೋ ಎಂದು ವಿಜ್ಞಾನಿಗಳು ನೋಡಿದರು.

ನೋಡದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವುಂಟು. 1943ರ ನವೆಂಬರಿನಲ್ಲಿ ಶಾಂತಸಾಗರದ ತರಾವಾ ದ್ವೀಪದಲ್ಲಿ ಅಮೆರಿಕದವರು ಇಳಿದಾಗ ಹವಳದ ದಿಬ್ಬದ ಮೇಲೆ ಸಾಕಷ್ಟು ನೀರಿರಲಿಲ್ಲ. ಅಲ್ಲಿ ಬಹುಕಾಲ ವಾಸವಿದ್ದ ಹಾಲಂಡ್ ಎಂಬ ನ್ಯೂಜಿಲೆಂಡಿನ ಮೇಜರ್ ಒಬ್ಬರು, ಆ ದಿನಗಳಲ್ಲಿ ಉಬ್ಬರವನ್ನು ನಂಬಲಾಗದೆಂದು ಮುಂಚೆಯೇ ಎಚ್ಚರಿಸಿದ್ದರು. ದೋಣಿಗಳು ದಿಬ್ಬಕ್ಕೆ ಸಿಕ್ಕಿದವು; ಸೈನಿಕರು ನೂರಾರು ಗಜ ನೀರಿನಲ್ಲಿ ನಡೆದರು. ಮೂರೇ ದಿನಗಳ ಆ ಕಾಳಗದಲ್ಲಿ ಸತ್ತ ಅಮೆರಿಕದವರು ಸುಮಾರು ಸಾವಿರ. 1945ರ ಸೆಪ್ಟೆಂಬರಿನಲ್ಲಿ ನಮ್ಮ ಭಾರತೀಯ ಸಿಪಾಯಿಗಳೇ ಹೆಚ್ಚಾಗಿದ್ದ ದಂಡು ಮಲಯದ ಮೋರಿಬ್ ದಡದಲ್ಲಿ ಇಳಿಯಿತು. ಮೇಲೆ ಗಟ್ಟಿ ಮರಳು, ಕೆಳಗೆ ಕೆಸರು, ವಾಹನಗಳು ಹೂತುಹೋದವು. ಜಪಾನು ಆಗಲೇ ಶರಣಾಗಿದ್ದುದರಿಂದ ಎದುರಿನಿಂದ ಗುಂಡು ಬರಲಿಲ್ಲ, ಅಷ್ಟೇ. ಬಂದಿದ್ದರೆ ಎಷ್ಟು ಮನೆಗಳಿಗೆ ತಂತಿ ಬರುತ್ತಿತ್ತೋ! ಸರಿಯಾಗಿ ಅಳೆಯುವವನು ಕೊಲ್ಲುವವರಿಗೆ ನೆರವಾಗುತ್ತಾನೆಂದು ಸುಲಭವಾಗಿ ಹೇಳಿಬಿಡುವವರು, ತಪ್ಪಾಗಿ ಅಳೆಯುವವನಿಂದ ಸಾಯುವವರ ಮಾತನ್ನೂ ಆಡಬೇಕಾಗುತ್ತದೆ.

ಹಾಗಾದರೆ ಅಳತೆಗೆ ದೋಷವೇ ಇಲ್ಲವೆನ್ನೋಣವೇ? ಅಳತೆಗೋಲು ಎಂದಾದರೂ ಪಾಪ ಮಾಡೀತೇ ಎಂದು ವಾದಿಸುವವರುಂಟು. ಲಿನ್‌ಸ್ಕೋಟನ್ ಎಂಬ ಡಚ್ಚರವನು 1583ರಿಂದ ಗೋವೆಯ ಆರ್ಚ್‌ಬಿಷಪ್ಪರ ಬಳಿ ಕಾರ್ಯದರ್ಶಿಯಾಗಿದ್ದನು. ಪೋರ್ಚುಗೀಸರು ಜೋಪಾನವಾಗಿಟ್ಟಿದ್ದ ಕಡಲ ದಾರಿಗಳ ವಿವರಗಳನ್ನು ನಕಲು ಮಾಡಿಕೊಂಡು ಊರಿಗೆ ಹೋಗಿ 1595–96ರಲ್ಲಿ ಅಚ್ಚು ಹಾಕಿಸಿದನು. ಡಚ್ಚರ ಹಡಗುಗಳು ಆ ಹಾಳೆಗಳನ್ನು ಹಿಡಿದೇ ಮೂಡಣಕ್ಕೆ ಬಂದವು. ಉಂಡ ಮನೆಯ ಗುಟ್ಟು ಹೊರಗೆಡಹಿದ ದ್ರೋಹಿಯೆಂದು ಅವನನ್ನು ಜರೆಯಬಹುದು. ಒಬ್ಬರ ಪೆಟ್ಟಿಗೆಯಲ್ಲಿದ್ದ ವಿದ್ಯೆಯನ್ನು ಲೋಕಕ್ಕೆ ಹಂಚಿದ ಉಪಕಾರಿಯೆಂದು ಹೊಗಳಲೂಬಹುದು. ನಮಗೆ ಇವೆರಡಕ್ಕಿಂತ ಮುಖ್ಯವಾಗಿ ಕಂಡದ್ದು ಇನ್ನೊಂದು. ಆ ವಿವರಗಳು ಯಾರ ದಡಗಳನ್ನು ಕುರಿತವೋ ಅವರನ್ನು ಪೋರ್ಚುಗೀಸರೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ಇಬ್ಬರು ಕಳ್ಳರ ನಡುವಿನ ವ್ಯಾಜ್ಯದಲ್ಲಿ ಮನೆಯೊಡೆಯನು ಸಾಕ್ಷಿಯಾಗಿಯೂ ಬರಲಿಲ್ಲ.

ನಾವು ಅಳತೆಯ ವೈರಿಗಳಲ್ಲ. ಆಗುವ ಹಕ್ಕೂ ನಮಗಿಲ್ಲ. ಈ ಕಣಿವೆ ಉಣ್ಣುವುದೇ ಅಳತೆಗಾರನ ಅನ್ನವನ್ನು. ಪಡುವಣಕ್ಕೆ ಹರಿಯುವ ಪೆರಿಯಾರಿನ ನೀರನ್ನು ಮೂಡಣಕ್ಕೆ ತಿರುಗಿಸುವುದು ಆಗದ ಕೆಲಸವೆಂದು 1808ರಲ್ಲಿ ಕಾಲ್ಡ್‌ವೆಲ್ ಎಂಬ ಸೈನ್ಯದ ಎಂಜಿನಿಯರನು ವರದಿ ಬರೆದನು. ಮತ್ತೆ ಅಳೆದು, ಬೆಟ್ಟದೊಳಗೆ ಸುರಂಗ ಕೊರೆದು, 1895ರಲ್ಲಿ ಪೆನ್ನಿಕ್ವಿಕ್ ಅವರು ನೀರು ತಂದರು. ಇಂದಿಗೂ ನಮ್ಮೂರುಗಳಲ್ಲಿ ದೇವರ ಪಟದ ಪಕ್ಕದಲ್ಲಿ ಅವರ ಪಟವಿರುತ್ತದೆ. ಅವರ ಹೆಸರಿನಲ್ಲಿ ಪೊಂಗಲ್ ಇಡುತ್ತಾರೆ. ಒಬ್ಬ ಸೈನ್ಯದವನ ಅಳತೆಯಿಂದ ಒಂದು ಶತಮಾನದ ಬರಗಾಲ ಮುಂದುವರಿಯಿತು, ಇನ್ನೊಬ್ಬ ಸೈನ್ಯದವರ ಅಳತೆಯಿಂದ ಅದು ನಿಂತಿತು.

ಈ ಹಂತದಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳದಿದ್ದರೆ ಪ್ರಬಂಧವು ಅಪ್ರಾಮಾಣಿಕವಾಗುತ್ತದೆ. ಪ್ರಾಥಮಿಕ ಶಾಲೆಯ ಉಪಾಧ್ಯಾಯನೆಂದರೆ ಪಾಠ ಹೇಳುವವನು ಮಾತ್ರವಲ್ಲ. ಮನೆ ಎಣಿಸುವವನೂ ಅವನೇ, ತಲೆ ಎಣಿಸುವವನೂ ಅವನೇ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಬಿಸಿಲಿನಲ್ಲಿ ಇಂಥದೊಂದು ಎಣಿಕೆಗೆ ನಮ್ಮನ್ನು ಹಾಕಿದ್ದರು. ಊರಂಚಿನ ಒಂದು ಸಾಲು ಗುಡಿಸಲುಗಳಲ್ಲಿ ಆರಕ್ಕೆ ಬೀಗ ಬಿದ್ದಿತ್ತು. ಅಕ್ಕಪಕ್ಕದಲ್ಲಿ ಕೇಳಲು ಯಾರೂ ಇರಲಿಲ್ಲ. ನಮೂನೆಯಲ್ಲಿ ನಮಗೆ ಕಂಡದ್ದು ಎರಡೇ ಅಂಕಣ: ವಾಸ, ಖಾಲಿ. ನಾಳೆ ಮತ್ತೊಮ್ಮೆ ಬಂದು ನೋಡಬೇಕಾಗಿತ್ತು. ಬಾಯಾರಿತ್ತು, ಹೊತ್ತು ಇಳಿದಿತ್ತು. ಖಾಲಿ ಎಂದು ಬರೆದೆವು. ಬಹುಕಾಲದ ಮೇಲೆ ಮನೆಯ ನಿವೇಶನಗಳ ಪಟ್ಟಿ ಹೊರಬಂದಾಗ ಆ ಆರು ಮನೆಗಳ ಹೆಸರು ಅದರಲ್ಲಿರಲಿಲ್ಲ. ನಮ್ಮ ಕಾಗದವೇ ಕಾರಣವೋ ಬೇರೆ ಏನಾದರೂ ಉಂಟೋ, ಕಚೇರಿಯಲ್ಲಿ ಯಾರೂ ಹೇಳಲಿಲ್ಲ. ಆದರೆ ಅವರಲ್ಲಿ ಒಬ್ಬ ಮುದುಕಿ ಶಾಲೆಗೆ ಬಂದು ಬೇಲಿಯ ಹೊರಗೇ ನಿಂತು ನಮ್ಮನ್ನು ಕರೆಸಿದಳು. ಏಲಕ್ಕಿ ತೋಟದಲ್ಲಿ ಎರಡು ತಿಂಗಳು ಕೆಲಸಕ್ಕೆ ಹೋಗಿದ್ದರಂತೆ. ಅವಳು ಬೈಯಲಿಲ್ಲ. “ವಾತ್ಯಾರೇ, ಯಾರೂ ಇಲ್ಲವೆಂದು ಬರೆದಿರಂತೆ. ಯಾರೂ ಇಲ್ಲದ ಮನೆಗೆ ಬೀಗ ಯಾರು ಹಾಕುತ್ತಾರೆ?” ಎಂದಷ್ಟೇ ಕೇಳಿದಳು.

ನಾವು ಸುಳ್ಳು ಬರೆದಿರಲಿಲ್ಲ. ಅಲ್ಲಿ ಆ ದಿನ ಯಾರೂ ಇರಲಿಲ್ಲವೆಂಬುದು ದಿಟ. ಯಾರ ಮೇಲೂ ನಮಗೆ ದ್ವೇಷವಿರಲಿಲ್ಲ. ಕೊಟ್ಟ ಅಂಕಣಗಳನ್ನು ಕೊಟ್ಟ ಶಾಯಿಯಿಂದ ತುಂಬಿದೆವು. ಆದರೂ ಆ ಮುದುಕಿಯ ಮಾತಿಗೆ ಇಂದಿಗೂ ನಮ್ಮಲ್ಲಿ ಉತ್ತರವಿಲ್ಲ. ದಡವನ್ನು ಅಳೆಯುವವನ ಹೊಣೆ ಎಂಥದೆಂದು ನಮಗೆ ಒಂದಿಷ್ಟು ಹೊಳೆದುದು ಅಲ್ಲಿಯೇ. ಯುದ್ಧ ನ್ಯಾಯವೋ ಅನ್ಯಾಯವೋ ಎಂದು ನಿರ್ಣಯಿಸುವುದು ಅವನ ಕೈಯಲ್ಲಿಲ್ಲದಿರಬಹುದು. ಬೀಗವನ್ನು ಕಂಡೂ ಖಾಲಿ ಎಂದು ಬರೆಯದಿರುವುದು ಮಾತ್ರ ಅವನ ಕೈಯಲ್ಲಿಯೇ ಇದೆ.

ಇದು ಸಣ್ಣ ಮಾತೆಂದು ತೋರಿದರೆ ಹಿಂದೂ ಮಹಾಸಾಗರದ ನಡುವಣ ಡಿಯೇಗೋ ಗಾರ್ಸಿಯ ಎಂಬ ದ್ವೀಪದ ಕಥೆಯನ್ನು ನೋಡಬೇಕು. 1966ರಲ್ಲಿ ಬ್ರಿಟನ್ನು ಅದನ್ನು ಸೈನಿಕ ನೆಲೆಗಾಗಿ ಅಮೆರಿಕಕ್ಕೆ ಒದಗಿಸಲು ಒಪ್ಪಿತು. ಒಳಗಡಲು ಆಳವಾಗಿತ್ತು, ಸುತ್ತ ಹವಳದ ಕೋಟೆಯಿತ್ತು; ಲಂಗರಿಗೆ ಅಂಥ ಜಾಗ ಸಿಗುವುದು ದುರ್ಲಭ. ಜನರೂ ಇದ್ದರು, ಆಫ್ರಿಕದಿಂದಲೂ ನಮ್ಮ ದಕ್ಷಿಣ ಭಾರತದಿಂದಲೂ ತೆಂಗಿನ ತೋಟಗಳಿಗೆ ಹೋದವರ ಸಂತತಿಯವರು. ಅವರಿಗೆ ಅಲ್ಲಿ ಗೋರಿಗಳಿದ್ದವು, ಚರ್ಚು ಇತ್ತು, ಸಾಕಿದ ನಾಯಿಗಳಿದ್ದವು. ಕಾಗದಪತ್ರಗಳಲ್ಲಿ ಮಾತ್ರ ಅವರನ್ನು ಗುತ್ತಿಗೆಯ ಮೇಲೆ ಬಂದು ಹೋಗುವ ಕೂಲಿಗಳೆಂದು ತೋರಿಸಲಾಯಿತು. 1973ರ ಹೊತ್ತಿಗೆ ಸುತ್ತಲ ದ್ವೀಪಗಳವರನ್ನೂ ಸೇರಿಸಿ ಎಲ್ಲರನ್ನೂ ಹಡಗು ಹತ್ತಿಸಿ ಮಾರಿಷಸ್ಸಿಗೂ ಸೇಷಲ್ಸಿಗೂ ಸಾಗಿಸಿಯಾಗಿತ್ತು. ನಾಯಿಗಳನ್ನು ಕೊಂದರು. ಇದು ದಣಿದ ಉಪಾಧ್ಯಾಯನ ತಪ್ಪಲ್ಲ. ಬಲ್ಲವರು ಬುದ್ಧಿಪೂರ್ವಕವಾಗಿ ತುಂಬಿದ ಅಂಕಣ. ಆದರೆ ಎರಡರಲ್ಲಿಯೂ ಪದ ಒಂದೇ ಎಂಬುದು ನಮ್ಮನ್ನು ಹೆದರಿಸುತ್ತದೆ. ಇಂಗ್ಲೆಂಡಿನವರು ತಮ್ಮ ಜನಕ್ಕೂ ಇದನ್ನು ಮಾಡಲಿಲ್ಲವೆನ್ನುವಂತಿಲ್ಲ. ನಾರ್ಮಂಡಿಯ ದಡವನ್ನು ಹೋಲುತ್ತದೆಯೆಂದು ಡೆವನ್ನಿನ ಸ್ಲಾಪ್ಟನ್ ದಡವನ್ನು ಅಭ್ಯಾಸಕ್ಕೆ ಆರಿಸಿ 1943ರ ಕೊನೆಯಲ್ಲಿ ಸುಮಾರು 3000 ಮಂದಿಯನ್ನು ಕೆಲವೇ ವಾರಗಳಲ್ಲಿ ಮನೆ ಬಿಡಿಸಿದರು. ಅಲ್ಲಿ ಒಂದು ವ್ಯತ್ಯಾಸವುಂಟು: ಅವರು ಮರಳಿ ಬಂದರು.

ಕಾರವಾರದಲ್ಲಿ ಆದದ್ದು ಇವೆರಡಕ್ಕೂ ನಡುವಿನದು. 1971ರ ಯುದ್ಧದಲ್ಲಿ ಮುಂಬಯಿ ಬಂದರಿನ ಇಕ್ಕಟ್ಟಿನಿಂದ ತೊಂದರೆಪಟ್ಟ ನೌಕಾದಳಕ್ಕೆ ಬೇರೊಂದು ನೆಲೆ ಬೇಕಾಯಿತು. 1986ರಲ್ಲಿ ಪ್ರಧಾನಿ ರಾಜೀವ ಗಾಂಧಿಯವರು ಅಡಿಗಲ್ಲಿಟ್ಟರು; ಸೀಬರ್ಡ್ ಯೋಜನೆಯೆಂದು ಹೆಸರು. 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂದು ನೆಲೆಗೆ ನಾಮಕರಣವಾಯಿತು. ಕನ್ನಡದ ಮೊದಲ ಅರಸುಮನೆತನದ ಹೆಸರೆಂದು ನಮಗೆ ಹೆಮ್ಮೆಯೇ ಆಯಿತು. ಅದಕ್ಕಾಗಿ 13 ಊರುಗಳವರು, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು, ಜಾಗ ಬಿಟ್ಟರು. ಅವರನ್ನು ಇಲ್ಲವೆಂದು ಯಾರೂ ಬರೆಯಲಿಲ್ಲ. ಎಣಿಸಿದರು, ಪರಿಹಾರ ಗೊತ್ತುಮಾಡಿದರು, ತೋಡೂರು ಮುಂತಾದೆಡೆ ಕಾಲೊನಿಗಳನ್ನು ಕಟ್ಟಿದರು. ಪರಿಹಾರ ಸಾಲದೆಂದು ಜನ ನ್ಯಾಯಾಲಯಕ್ಕೆ ಹೋದರು; ಆ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ಹೊಲಕ್ಕೆ ಎಕರೆಯ ಲೆಕ್ಕವುಂಟು, ಮನೆಗೆ ಗೋಡೆಯ ಲೆಕ್ಕವುಂಟು. ದೋಣಿಯನ್ನು ಎಳೆದು ನಿಲ್ಲಿಸುತ್ತಿದ್ದ ಮರಳಿಗೆ, ಬಲೆ ಒಣಗಿಸುತ್ತಿದ್ದ ಬಯಲಿಗೆ ಯಾವ ಲೆಕ್ಕ? ಅದು ಯಾರ ಪಟ್ಟೆಯೂ ಅಲ್ಲ. ಅಂಜದೀವದ ಚರ್ಚಿಗೆ ಹಬ್ಬಕ್ಕೆಂದು ದೋಣಿಯಲ್ಲಿ ಬರುತ್ತಿದ್ದ ಗೋವೆಯ ಭಕ್ತರಿಗೂ ದ್ವೀಪವು ನೌಕಾದಳಕ್ಕೆ ಸೇರಿದ ಮೇಲೆ ದಾರಿ ಮುಚ್ಚಿತು. ದೇಶದ ರಕ್ಷಣೆಗೆ ಇದು ಬೇಕಾಗಿತ್ತೆಂದರೆ ನಾವು ಒಪ್ಪುತ್ತೇವೆ. ಬೇಕಾಗಿತ್ತು ಎಂಬ ಒಂದೇ ಮಾತಿನಿಂದ ಎಲ್ಲವೂ ತೀರಿತೆನ್ನುವವರನ್ನು ಮಾತ್ರ ಒಪ್ಪುವುದಿಲ್ಲ. ಋಣವೆಂಬುದು ಅಗತ್ಯಕ್ಕಾಗಿ ಮಾಡಿದರೂ ಋಣವೇ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವೊಂದಿದೆ. ಕಡುಲೌಕಿಕನೆಂದು ಹೆಸರಾದ ಆ ಗ್ರಂಥಕಾರನು ಶತ್ರುದೇಶಕ್ಕೆ ಹೋಗುವ ನಾವೆಗಳನ್ನೂ ಕಡಲುಗಳ್ಳರ ನಾವೆಗಳನ್ನೂ ನಾಶಮಾಡಬೇಕೆಂದು ವಿಧಿಸುತ್ತಾನೆ; ಅದರಲ್ಲಿ ಆಶ್ಚರ್ಯವಿಲ್ಲ. ಅದೇ ಪ್ರಕರಣದಲ್ಲಿ, ಬಿರುಗಾಳಿಗೆ ಸಿಕ್ಕಿ ಬಂದ ನಾವೆಯನ್ನು ತಂದೆಯಂತೆ ಕಾಣಬೇಕೆಂದೂ, ನೀರಿನಿಂದ ಕೆಟ್ಟ ಸರಕಿಗೆ ಸುಂಕವನ್ನು ಬಿಡಬೇಕು ಇಲ್ಲವೆ ಅರ್ಧ ಮಾಡಬೇಕೆಂದೂ ಹೇಳುತ್ತಾನೆ. ಓದಿ ನಾವು ಕೊಂಚ ಹೊತ್ತು ಪುಸ್ತಕ ಮುಚ್ಚಿಟ್ಟೆವು. ದಡವೆಂದರೆ ಮೊದಲು ಬಳಲಿದವನು ಬಂದು ಸೇರುವ ಜಾಗ, ಕಾವಲು ಆಮೇಲಿನದು. ಅಷ್ಟು ಕಠಿಣನಾದವನಿಗೂ ಇವೆರಡೂ ಒಂದೇ ಅಧಿಕಾರಿಯ ಕರ್ತವ್ಯವೆಂದು ತೋರಿತ್ತು. ಈಗಿನ ನಮೂನೆಗಳಲ್ಲಿ ಇವೆರಡು ಬೇರೆ ಬೇರೆ ಕಚೇರಿಗಳಿಗೆ ಹಂಚಿಹೋಗಿವೆ.

ನಾವಿಕನು ರಜೆ ಮುಗಿಸಿ ಹೋಗುವ ಮುನ್ನ ಹುಡುಗಿಯ ಪ್ರಶ್ನೆಯನ್ನು ಮರೆಯಬೇಡವೆಂದು ಹೇಳಿದ್ದೆವು. ಎರಡು ತಿಂಗಳಾದ ಮೇಲೆ ಅವನಿಂದ ದೂರವಾಣಿ ಬಂದಿತು. ಕಾರವಾರದ ಪೇಟೆಯಲ್ಲಿ ಮೀನು ಮಾರುವ ಹೆಂಗಸೊಬ್ಬಳನ್ನು ವಿಚಾರಿಸಿದನಂತೆ. ಆಕೆ ಹಳೆಯ ಊರಿನವಳೇ. ಈಗಿರುವುದು ಕಾಲೊನಿಯಲ್ಲಿ, ಮನೆ ಗಟ್ಟಿಯಾಗಿದೆ, ಕಡಲು ದೂರವಾಗಿದೆ ಎಂದಳಂತೆ. ಸಮವಸ್ತ್ರವಿಲ್ಲದೆ ಹೋಗಿದ್ದರೂ ಅವನು ಎಲ್ಲಿಯವನೆಂದು ಗುರುತು ಹಿಡಿದು, ನಿಮ್ಮ ಗೋಡೆಯ ಒಳಗೆ ನಮ್ಮ ಮಾವಿನ ಮರ ಇನ್ನೂ ಇದೆಯೇ ನೋಡು ಮಗಾ ಎಂದು ಕೇಳಿಕೊಂಡಳಂತೆ. ಇದನ್ನು ತರಗತಿಯಲ್ಲಿ ಹೇಳಿದೆವು. ಹುಡುಗಿ ಸ್ವಲ್ಪ ಯೋಚಿಸಿ, “ಆ ಊರಲ್ಲಿ ಶಾಲೆ ಇತ್ತಾ, ಸಾರ್?” ಎಂದಳು. ಅದನ್ನೂ ಕೇಳಿ ತಿಳಿಸೆಂದು ಅವನಿಗೆ ಹೇಳಿದ್ದೇವೆ. ಮಾವಿನ ಮರದ ವಿಚಾರವನ್ನೂ. ಅವನ ಹಡಗು ಈಗ ಕಡಲಿನಲ್ಲಿದೆಯಂತೆ.